ಎಲ್ಟ್ಸ್ ಕೋಟೆ: ಪಾಲಾದರೂ ಒಡೆಯದ ಮನೆ

ದುರ್ಗಗಳು ಎಷ್ಟು ಬಗೆಯವು ಎಂಬುದನ್ನು ನಮ್ಮ ಪ್ರಾಚೀನರು ಬಹು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ನೀರಿನಿಂದ ಆವೃತವಾದ ಔದಕ, ಬೆಟ್ಟವನ್ನು ಆಶ್ರಯಿಸಿದ ಪಾರ್ವತ, ಮರುಭೂಮಿಯ ನಡುವಣ ಧಾನ್ವನ, ಅಡವಿಯೊಳಗಣ ವನದುರ್ಗ ಎಂದು ನಾಲ್ಕು ವಿಧಗಳನ್ನು ಹೇಳುತ್ತಾನೆ. ಇವುಗಳಲ್ಲಿ ಧಾನ್ವನವೊಂದನ್ನು ಬಿಟ್ಟು ಉಳಿದ ಮೂರರ ಲಕ್ಷಣಗಳೂ ಒಂದೆಡೆ ಕೂಡಿರುವ ಕೋಟೆ ಜರ್ಮನಿ ದೇಶದ ಪಶ್ಚಿಮ ಭಾಗದಲ್ಲಿದೆ. ಮೋಸೆಲ್ ನದಿಗೆ ಹೋಗಿ ಸೇರುವ ಎಲ್ಟ್ಸ್ ಎಂಬ ಹೊಳೆ ಅದನ್ನು ಮೂರು ದಿಕ್ಕಿನಿಂದ ಬಳಸಿ ಹರಿಯುತ್ತದೆ. ಸುಮಾರು ೭೦ ಮೀಟರ್ ಎತ್ತರದ ಬಂಡೆಯ ಏಣು ಅದಕ್ಕೆ ಪೀಠವಾಗಿದೆ. ಸುತ್ತಲೂ ದಟ್ಟವಾದ ಕಾಡು. ಹೊಳೆಯ ಹೆಸರನ್ನೇ ಕೋಟೆಯೂ, ಕೋಟೆಯ ಹೆಸರನ್ನೇ ಅದರ ಒಡೆಯರ ಮನೆತನವೂ ಧರಿಸಿವೆ.

ಆದರೆ ಈ ಕೋಟೆಯ ಕೀರ್ತಿಗೆ ಕಾರಣ ಅದರ ಭೇದ್ಯಾಭೇದ್ಯತೆಯಲ್ಲ. ಯೂರೋಪಿನ ಕೋಟೆಗಳಲ್ಲಿ ಹಲವು ಯುದ್ಧದಲ್ಲಿ ಉರುಳಿದವು. ಕೆಲವು ರಾಜರ ಕೈಯಿಂದ ಸರಕಾರಗಳ ಕೈಗೆ ಹೋದವು. ಮತ್ತೆ ಕೆಲವು ಹರಾಜಿನಲ್ಲಿ ಮಾರಾಟವಾದವು. ಎಲ್ಟ್ಸ್ ಕೋಟೆಯಾದರೋ ಎಂಟು ನೂರೈವತ್ತು ವರ್ಷಗಳಿಗೂ ಮಿಕ್ಕ ಕಾಲದಿಂದ, ಮೂವತ್ತಕ್ಕೂ ಹೆಚ್ಚು ತಲೆಮಾರುಗಳ ಪರ್ಯಂತ, ಒಂದೇ ಮನೆತನದ ಸ್ವತ್ತಾಗಿ ಇಂದಿಗೂ ನಿಂತಿದೆ. ಅದೂ ಆ ಮನೆತನದ ದಾಯಾದಿಗಳು ಅದನ್ನು ಮೂರು ಪಾಲು ಮಾಡಿಕೊಂಡ ಮೇಲೆ! ಪಾಲಾದ ಮನೆ ಉಳಿಯಿತು ಹೇಗೆ ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಹೋದವನಿಗೆ ಈ ಕೋಟೆಯ ಪ್ರತಿಯೊಂದು ಗೋಡೆಯೂ ಉತ್ತರ ಹೇಳುತ್ತದೆ.

ದಾರಿ ಮತ್ತು ನೋಟ

ಕೋಬ್ಲೆನ್ಸ್ ಮತ್ತು ಟ್ರಿಯರ್ ನಗರಗಳ ನಡುವೆ ಮೋಸೆಲ್ ನದಿಯ ದಡವನ್ನು ಅನುಸರಿಸಿ ರೈಲುಮಾರ್ಗವೊಂದು ಸಾಗುತ್ತದೆ. ಆ ದಾರಿಯಲ್ಲಿ ಮೋಸೆಲ್‌ಕೆರ್ನ್ ಎಂಬ ಸಣ್ಣ ಊರು. ಎಲ್ಟ್ಸ್ ಹೊಳೆ ಮೋಸೆಲ್ ನದಿಯನ್ನು ಕೂಡುವುದು ಇಲ್ಲಿಯೇ. ಇಲ್ಲಿಂದ ಹೊಳೆಯ ಗುಂಟ ಕಾಡಿನ ಕಾಲುದಾರಿಯಲ್ಲಿ ಒಂದೂವರೆ ಗಂಟೆಯಷ್ಟು ನಡೆದರೆ ಕೋಟೆ. ನಡೆಯಲಾರದವರು ಮೇಲಿನ ಬಯಲುಸೀಮೆಯ ಕಡೆಯಿಂದ ಮೋಟಾರಿನಲ್ಲಿ ಬಂದು, ವಾಹನಗಳ ನಿಲುಗಡೆಯಿಂದ ಸ್ವಲ್ಪ ದೂರ ಇಳಿದು ಹೋಗಬಹುದು. ಎರಡು ದಾರಿಗಳಲ್ಲಿಯೂ ಒಂದು ವಿಶೇಷವುಂಟು. ಸಾಮಾನ್ಯವಾಗಿ ಕೋಟೆಗಳು ಹರದಾರಿ ದೂರದಿಂದಲೇ ಕಣ್ಣಿಗೆ ಬಿದ್ದು ತಮ್ಮ ಪ್ರತಾಪವನ್ನು ಸಾರುತ್ತವೆ. ಎಲ್ಟ್ಸ್ ಕೋಟೆ ಕಣಿವೆಯ ಒಳಗೆ ಅಡಗಿ ಕುಳಿತಿದೆ. ದಾರಿಯ ಕೊನೆಯ ತಿರುವಿನವರೆಗೂ ಅದರ ಸುಳಿವು ಸಿಕ್ಕದು. ತಿರುಗಿದೊಡನೆ ಇಡೀ ಕೋಟೆ ಎದುರಿಗೆ ಬಂದು ನಿಲ್ಲುತ್ತದೆ.

ಮೊದಲ ನೋಟಕ್ಕೆ ಅದು ಕೋಟೆಗಿಂತ ಹೆಚ್ಚಾಗಿ ಒತ್ತೊತ್ತಾಗಿ ನಿಂತ ಮನೆಗಳ ಪುಟ್ಟ ಊರಿನಂತೆ ಕಾಣುತ್ತದೆ. ಎಂಟು ವಾಸದ ಗೋಪುರಗಳು ಹೆಗಲಿಗೆ ಹೆಗಲು ಕೊಟ್ಟು, ಒಂದು ಕಿರಿದಾದ ಅಂಗಳವನ್ನು ನಡುವೆ ಬಿಟ್ಟು, ಮೇಲೆದ್ದಿವೆ. ಅವುಗಳ ಮಾಡುಗಳು ಕಪ್ಪು ಸ್ಲೇಟುಕಲ್ಲಿನವು. ಮೇಲಂತಸ್ತುಗಳಲ್ಲಿ ಮರದ ಚೌಕಟ್ಟು ಕಟ್ಟಿ ನಡುವೆ ಗಾರೆ ತುಂಬಿದ ಗೋಡೆಗಳು. ಮೂಲೆಮೂಲೆಯಲ್ಲಿ ಹೊರಚಾಚಿದ ಗೂಡುಗಳು, ಮೊನಚಾದ ಶಿಖರಗಳು. ಬಂಡೆ ಅಂಡಾಕಾರವಾಗಿರುವುದರಿಂದ ಕಟ್ಟಡಗಳೂ ಅದರ ಅಂಚನ್ನೇ ಹಿಡಿದು ಬಾಗಿವೆ. ಅಗಲಕ್ಕೆ ಎಡೆಯಿಲ್ಲದ್ದರಿಂದ ಒಡೆಯರು ಎತ್ತರಕ್ಕೆ ಕಟ್ಟುತ್ತ ಹೋದರು. ಒಬ್ಬ ಶಿಲ್ಪಿಯ ಮನಸ್ಸಿನಲ್ಲಿ ಒಮ್ಮೆಗೇ ಮೂಡಿದ ರೂಪ ಇದಲ್ಲ. ರೋಮನೆಸ್ಕ್ ಶೈಲಿಯಿಂದ ಆರಂಭಿಸಿ ಬರೋಕ್ ಶೈಲಿಯ ಆದಿಭಾಗದವರೆಗೆ ಐನೂರು ವರ್ಷ ಕಟ್ಟುತ್ತ ಬಂದ ಕಟ್ಟಡವಿದು. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಇದನ್ನು ಚಿತ್ರಿಸಿದ್ದಾನೆ. ಜರ್ಮನಿಯಲ್ಲಿ ೧೯೬೦ರ ದಶಕದಿಂದ ೧೯೯೦ರ ದಶಕದವರೆಗೆ ಚಲಾವಣೆಯಲ್ಲಿದ್ದ ೫೦೦ ಮಾರ್ಕಿನ ನೋಟಿನ ಹಿಂಬದಿಯಲ್ಲಿ ಇದರ ಚಿತ್ರವನ್ನೇ ಅಚ್ಚುಹಾಕಿದ್ದರು.

ಮೂವರು ಸೋದರರು

ಕೋಟೆಯ ಹೆಸರು ಲಿಖಿತ ಆಧಾರದಲ್ಲಿ ಮೊದಲು ಕಾಣುವುದು ೧೧೫೭ರಲ್ಲಿ. ಕೆಂಗಡ್ಡದ ಫ್ರೆಡರಿಕ್ ಎಂದು ಪ್ರಸಿದ್ಧನಾದ ಚಕ್ರವರ್ತಿಯ ದಾನಪತ್ರವೊಂದಕ್ಕೆ ಸಾಕ್ಷಿ ಹಾಕಿದವರಲ್ಲಿ ಎಲ್ಟ್ಸಿನ ರೂಡೊಲ್ಫ್ ಎಂಬವನೂ ಒಬ್ಬ. ಮೋಸೆಲ್ ನದಿ ಆ ಕಾಲದ ಮುಖ್ಯ ವ್ಯಾಪಾರಮಾರ್ಗ. ಮೇಲಿನ ಮೈಫೆಲ್ಡ್ ಬಯಲು ಧಾನ್ಯಸಮೃದ್ಧವಾದ ನಾಡು. ಇವೆರಡನ್ನೂ ಕೂಡಿಸುವ ದಾರಿಯ ಕಾವಲಿಗೆ ಈ ಬಂಡೆ ತಕ್ಕ ಸ್ಥಳವಾಗಿತ್ತು. ಆ ಕಾಲದ ಕಟ್ಟಡದಲ್ಲಿ ಉಳಿದಿರುವ ಮುಖ್ಯ ಭಾಗ ಪ್ಲಾಟೆಲ್ಟ್ಸ್ ಎಂಬ ಹಳೆಯ ಗೋಪುರ.

ನೂರು ವರ್ಷ ಕಳೆಯುವಷ್ಟರಲ್ಲಿ ಪಾಲಿನ ಮಾತು ಬಂದಿತು. ೧೨೬೮ಕ್ಕೆ ಮುನ್ನವೇ ಎಲಿಯಾಸ್, ವಿಲ್‌ಹೆಲ್ಮ್, ಥಿಯೊಡೆರಿಕ್ ಎಂಬ ಮೂವರು ಸೋದರರು ಕೋಟೆಯನ್ನೂ ಅದಕ್ಕೆ ಸೇರಿದ ಭೂಮಿಕಾಣಿಯನ್ನೂ ಹಂಚಿಕೊಂಡರು. ಮನೆತನ ಮೂರು ಶಾಖೆಗಳಾಯಿತು. ಒಂದು ಶಾಖೆಯ ಲಾಂಛನ ಚಿನ್ನದ ಸಿಂಹ, ಇನ್ನೊಂದರದು ಬೆಳ್ಳಿಯ ಸಿಂಹ, ಮತ್ತೊಂದರದು ಕೋಣನ ಕೊಂಬುಗಳು. ಮುಂದೆ ಈ ಶಾಖೆಗಳು ಕೆಂಪೆನಿಖ್, ರ್ಯೂಬೆನಾಖ್, ರೋಡೆನ್‌ಡಾರ್ಫ್ ಎಂಬ ಹೆಸರುಗಳಿಂದ ಪ್ರಸಿದ್ಧವಾದವು. ಕೋಟೆಯೊಳಗಣ ಅವರವರ ಮನೆಗಳಿಗೂ ಅವೇ ಹೆಸರುಗಳು ನಿಂತವು.

ದಾಯಾದಿ ಮತ್ಸರವೆಂದರೆ ಏನೆಂಬುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಳದ ನಡುವೆ ಗೋಡೆಯೆದ್ದು, ಬಾವಿಯ ನೀರಿಗೂ ಗಿಳಿಬಾಗಿಲಿನ ಹಕ್ಕಿಗೂ ಕಚೇರಿ ಹತ್ತಿ, ಕಡೆಗೆ ಮನೆಯ ಮಾಡು ಸೋರುತ್ತಿದ್ದರೂ ಹಂಚು ಹೊದಿಸುವವರಿಲ್ಲದೆ ಹಾಳಾದ ದೊಡ್ಡ ಮನೆಗಳು ಎಲ್ಲ ನಾಡುಗಳಲ್ಲಿಯೂ ಉಂಟು. ಎಲ್ಟ್ಸ್ ಕೋಟೆಯೂ ಹಾಗೆಯೇ ಆಗಬಹುದಾಗಿತ್ತು. ಅದನ್ನು ತಡೆದುದು ಆ ನಾಡಿನಲ್ಲಿ ಬೆಳೆದುಬಂದ ಒಂದು ವಿಶಿಷ್ಟವಾದ ಏರ್ಪಾಡು. ಒಂದೇ ಸ್ವತ್ತಿಗೆ ಕೂಡಿ ಹಕ್ಕುದಾರರಾದವರನ್ನು ಜರ್ಮನ್ ಭಾಷೆಯಲ್ಲಿ ‘ಗಾನ್‌ಎರ್ಬೆ’ ಎನ್ನುತ್ತಾರೆ. ಕೂಡುದಾಯಾದಿ ಎಂದು ಅದನ್ನು ಅನುವಾದಿಸಬಹುದು. ಅಂಥವರು ಒಟ್ಟಿಗೆ ಬಾಳುವ ಕೋಟೆ ‘ಗಾನ್‌ಎರ್ಬೆನ್‌ಬುರ್ಗ್’. ವಾಸದ ಮನೆಗಳು ಅವರವರಿಗೆ. ಹೆಬ್ಬಾಗಿಲು, ಅಂಗಳ, ಕಾವಲು ಎಲ್ಲರಿಗೂ.

ಹೀಗೆ ಬಾಳುವುದಕ್ಕೆ ಬಾಯಿಮಾತು ಸಾಲದು. ಆದ್ದರಿಂದ ಶಾಂತಿಪತ್ರವೊಂದನ್ನು ಬರೆದುಕೊಳ್ಳುತ್ತಿದ್ದರು. ಅದಕ್ಕೆ ‘ಬುರ್ಗ್‌ಫ್ರೀಡೆನ್’, ಎಂದರೆ ಕೋಟೆಯ ಶಾಂತಿ, ಎಂದು ಹೆಸರು. ಎಲ್ಟ್ಸಿನ ಶಾಖೆಗಳೂ ಇಂಥ ಪತ್ರದಿಂದ ಬದ್ಧವಾಗಿದ್ದವು. ಈ ಬಗೆಯ ಪತ್ರಗಳಲ್ಲಿ ಸಾಮಾನ್ಯವಾಗಿ ಬರುವ ವಿಧಿಗಳು ಇವು: ಕೋಟೆಯ ಎಲ್ಲೆಯೊಳಗೆ ಒಬ್ಬರ ಮೇಲೊಬ್ಬರು ಆಯುಧವೆತ್ತಕೂಡದು, ಹೊರಗಿನ ಜಗಳವನ್ನು ಒಳಗೆ ತರಕೂಡದು, ಶತ್ರು ಬಂದಾಗ ಎಲ್ಲರೂ ಕೂಡಿ ಎದುರಿಸಬೇಕು, ಬಾಗಿಲು ಕಾಯುವವರ ಸಂಬಳವನ್ನೂ ಗೋಡೆಯ ದುರಸ್ತಿಯ ವೆಚ್ಚವನ್ನೂ ಹಂಚಿಕೊಳ್ಳಬೇಕು, ಮೀರಿದವನಿಗೆ ದಂಡ. ಸೋದರರು ಪರಸ್ಪರ ಪ್ರೀತಿಸಬೇಕೆಂಬ ಉಪದೇಶ ಇವುಗಳಲ್ಲಿ ಮುಖ್ಯವಲ್ಲ. ಪ್ರೀತಿಯಿಲ್ಲದ ದಿನಗಳಲ್ಲಿಯೂ ಕೆಲಸ ನಡೆಯಬೇಕಾದರೆ ಯಾರು ಏನು ಮಾಡತಕ್ಕದ್ದು ಎಂಬ ಕಟ್ಟಳೆ ಮುಖ್ಯ. ಈ ಶಬ್ದಕ್ಕೆ ದೊರೆತ ಆಯುಷ್ಯವೂ ಗಮನಾರ್ಹವಾದುದು. ೧೯೧೪ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನಿಯ ರಾಜಕೀಯ ಪಕ್ಷಗಳು ತಮ್ಮ ಒಳಜಗಳವನ್ನು ಬದಿಗಿಡಲು ಒಪ್ಪಿದ ಏರ್ಪಾಡಿಗೂ ಬುರ್ಗ್‌ಫ್ರೀಡೆನ್ ಎಂಬ ಹೆಸರೇ ಬಂದಿತು.

ಕೋಟೆ ಕಂಡ ಮುತ್ತಿಗೆ

ಒಡಂಬಡಿಕೆಗೆ ಅಗ್ನಿಪರೀಕ್ಷೆ ಬಂದುದು ೧೩೩೧ರಲ್ಲಿ. ಟ್ರಿಯರ್ ನಗರದ ಆರ್ಚ್‌ಬಿಷಪ್ ಆಗಿದ್ದ ಬಾಲ್ಡುಯಿನ್ ಧರ್ಮಪೀಠದಲ್ಲಿ ಕುಳಿತಿದ್ದರೂ ಪ್ರಬಲನಾದ ದೊರೆ. ಮೋಸೆಲ್ ಸೀಮೆಯ ಸ್ವತಂತ್ರ ರಾವುತರನ್ನೆಲ್ಲ ತನ್ನ ಅಧೀನಕ್ಕೆ ತರುವುದು ಅವನ ಸಂಕಲ್ಪ. ಎಲ್ಟ್ಸಿನವರು ನೆರೆಯ ಕೆಲವು ಕೋಟೆಗಳವರೊಡನೆ ಕೂಡಿ ಅವನನ್ನು ವಿರೋಧಿಸಿದರು. ಬಾಲ್ಡುಯಿನ್ ನೇರವಾಗಿ ಏರಿಬರಲಿಲ್ಲ. ಎದುರು ಬೆಟ್ಟದ ಇಳುಕಲಿನಲ್ಲಿ ಎಲ್ಟ್ಸಿಗಿಂತ ಎತ್ತರದಲ್ಲಿ ಒಂದು ಮರಿಕೋಟೆಯನ್ನು ಕಟ್ಟಿಸಿ, ಅಲ್ಲಿಂದ ಯಂತ್ರಗಳ ಮೂಲಕ ಕಲ್ಲುಗುಂಡುಗಳನ್ನು ಎಸೆಸಿದನು. ಆ ಮರಿಕೋಟೆಗೆ ಟ್ರುಟ್ಸ್‌ಎಲ್ಟ್ಸ್ ಎಂದು ಹೆಸರು. ಎಲ್ಟ್ಸಿಗೆ ಸೆಡ್ಡು ಹೊಡೆದು ನಿಂತದ್ದು ಎಂಬ ಅರ್ಥ. ಅದರ ಹಾಳುಗೋಡೆಗಳು ಇಂದಿಗೂ ಕಾಡಿನ ನಡುವೆ ಕಾಣಸಿಗುತ್ತವೆ.

ವರ್ಷಗಳ ಕಾಲ ನಡೆದ ಈ ಕಲಹ ೧೩೩೬ರ ಹೊತ್ತಿಗೆ ಸಂಧಿಯಲ್ಲಿ ಮುಗಿಯಿತು. ಎಲ್ಟ್ಸಿನವರು ತಮ್ಮ ಸ್ವಾತಂತ್ರ್ಯದ ಹಮ್ಮನ್ನು ಬಿಟ್ಟು ಆರ್ಚ್‌ಬಿಷಪ್ಪನ ಸಾಮಂತರಾದರು. ಗೆದ್ದವನು ಎದುರಾಳಿಯ ಕೋಟೆಯನ್ನು ಕೆಡವಲಿಲ್ಲ. ಸೋತವರು ಪ್ರತಿಷ್ಠೆಗಾಗಿ ಕೋಟೆಯನ್ನು ಬಲಿಗೊಡಲಿಲ್ಲ. ಮುಂದೆ ನಡೆದ ಸಂಗತಿ ಇನ್ನೂ ಸ್ವಾರಸ್ಯವಾದುದು. ಯಾವ ಟ್ರಿಯರ್ ಪೀಠಕ್ಕೆ ಮಣಿದರೋ ಆ ಪೀಠವನ್ನೇ ೧೫೬೭ರಿಂದ ೧೫೮೧ರವರೆಗೆ ಈ ಮನೆತನದ ಯಾಕೊಬ್ ಎಂಬವನು ಅಲಂಕರಿಸಿದನು. ಅದೇ ವಂಶದ ಫಿಲಿಪ್ ಕಾರ್ಲ್ ೧೭೩೨ರಿಂದ ೧೭೪೩ರವರೆಗೆ ಮೈನ್ಸ್ ನಗರದ ಆರ್ಚ್‌ಬಿಷಪ್ ಆಗಿದ್ದನು. ಇವರಿಬ್ಬರೂ ಚಕ್ರವರ್ತಿಯನ್ನು ಆರಿಸುವ ಅಧಿಕಾರವುಳ್ಳ ಬೆರಳೆಣಿಕೆಯ ಪ್ರಭುಗಳ ಸಾಲಿನಲ್ಲಿ ಸೇರಿದ್ದವರು.

ಒಳಗಣ ದರ್ಶನ

ಏಪ್ರಿಲ್ ಮೊದಲ ದಿನದಿಂದ ನವೆಂಬರ್ ಮೊದಲ ದಿನದವರೆಗೆ ಕೋಟೆ ಸಾರ್ವಜನಿಕರಿಗೆ ತೆರೆದಿರುತ್ತದೆ. ಪ್ರವೇಶದರವನ್ನು ತೆತ್ತು ಬಂದವರನ್ನು ತಂಡ ತಂಡವಾಗಿ ಮಾರ್ಗದರ್ಶಿಗಳು ಒಳಗೆ ಕರೆದೊಯ್ಯುತ್ತಾರೆ. ಒಳಗೆ ಛಾಯಾಚಿತ್ರ ತೆಗೆಯಲು ಅಪ್ಪಣೆಯಿಲ್ಲ. ರ್ಯೂಬೆನಾಖ್ ಮತ್ತು ರೋಡೆನ್‌ಡಾರ್ಫ್ ಮನೆಗಳನ್ನು ಮಾತ್ರ ತೋರಿಸುತ್ತಾರೆ. ಕೆಂಪೆನಿಖ್ ಭಾಗವನ್ನು ಮನೆತನದವರು ತಮಗಾಗಿ ಇರಿಸಿಕೊಂಡಿದ್ದಾರೆ.

ರ್ಯೂಬೆನಾಖ್ ಮನೆ ೧೪೭೨ರಲ್ಲಿ ಪೂರ್ಣಗೊಂಡಿತು. ಇದರ ಕೆಳಗಣ ಹಜಾರದಲ್ಲಿ ಭಾರವಾದ ಓಕ್ ಮರದ ತೊಲೆಗಳು, ಗೋಡೆಯ ಮೇಲೆ ನೇಯ್ದ ಚಿತ್ರಪಟಗಳು. ಅವುಗಳ ನಡುವೆ ಲೂಕಾಸ್ ಕ್ರಾನಖ್ ಎಂಬ ಪ್ರಸಿದ್ಧ ಚಿತ್ರಕಾರನು ಬರೆದ, ದ್ರಾಕ್ಷಿಯ ಗೊಂಚಲಿನೊಡನಿರುವ ತಾಯಿಮಗುವಿನ ಚಿತ್ರ. ಮೇಲಿನ ಅಂತಸ್ತಿನಲ್ಲಿ ಶಯನಗೃಹ. ಅದರ ಗೋಡೆಗಳ ಮೇಲೆಲ್ಲ ಹೂಬಳ್ಳಿಗಳ ಬಣ್ಣದ ಚಿತ್ತಾರ ಹಬ್ಬಿದೆ. ಕಿಟಕಿಯ ಕಡೆಯ ಗೋಡೆಯಿಂದ ಹೊರಕ್ಕೆ ಚಾಚಿದ ಗೂಡಿನಲ್ಲಿ ಪುಟ್ಟ ಪ್ರಾರ್ಥನಾಸ್ಥಾನವಿದೆ. ಹೊರಕ್ಕೆ ಚಾಚಿದುದಕ್ಕೆ ಕಾರಣವುಂಟು. ಪೂಜಾವೇದಿಕೆಯ ನೆತ್ತಿಯ ಮೇಲೆ ಜನರು ವಾಸಮಾಡಕೂಡದೆಂಬುದು ಆ ಕಾಲದ ಧಾರ್ಮಿಕ ನಿಯಮ. ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ ಮನೆಯಲ್ಲಿ ಅದನ್ನು ಪಾಲಿಸುವುದೆಂತು? ವೇದಿಕೆಯನ್ನೇ ಗೋಡೆಯಿಂದಾಚೆಗೆ ಸರಿಸಿ ಬಡಗಿಗಳೂ ಕಲ್ಲುಕುಟಿಗರೂ ಉಪಾಯ ಕಂಡುಕೊಂಡರು.

ಮಧ್ಯಯುಗದ ಕೋಟೆಯೆಂದರೆ ಕತ್ತಲು, ಚಳಿ, ಕೊಳೆ ಎಂಬ ಭಾವನೆ ಸಾಮಾನ್ಯವಾದುದು. ಎಲ್ಟ್ಸ್ ಕೋಟೆ ಅದನ್ನು ಸಾಕಷ್ಟು ತಿದ್ದುತ್ತದೆ. ನೂರರಷ್ಟು ಕೋಣೆಗಳಿರುವ ಈ ಕೋಟೆಯಲ್ಲಿ ಸುಮಾರು ನಲವತ್ತು ಅಗ್ಗಿಷ್ಟಿಕೆಗಳೂ ಇಪ್ಪತ್ತರಷ್ಟು ಶೌಚದ ಗೂಡುಗಳೂ ಇದ್ದವು. ಶೌಚಗಳನ್ನು ಮಳೆಯ ನೀರಿನಿಂದ ತೊಳೆಯುವ ವ್ಯವಸ್ಥೆಯೂ ಇತ್ತು. ರೋಡೆನ್‌ಡಾರ್ಫ್ ಮನೆಯ ಅಡಿಗೆಮನೆಯನ್ನು ನೋಡಿದರೆ ಈ ಜೀವನದ ಇನ್ನೊಂದು ಮುಖ ತಿಳಿಯುತ್ತದೆ. ದೊಡ್ಡ ಒಲೆ, ರೊಟ್ಟಿ ಸುಡುವ ಗೂಡು, ದವಸ ತುಂಬುವ ಪೆಟ್ಟಿಗೆಗಳು. ಆ ದವಸ ಬಂದುದು ಮೈಫೆಲ್ಡ್ ಬಯಲಿನ ರೈತರ ಗದ್ದೆಗಳಿಂದ. ಆ ಒಲೆಯ ಮುಂದೆ ಬೆಂದವರು ಹೆಸರುಳಿಯದ ಆಳುಕಾಳುಗಳು. ಕೋಟೆ ಉಳಿದ ಕಥೆಯಲ್ಲಿ ಅವರ ಬೆವರಿಗೂ ಪಾಲುಂಟೆಂಬುದನ್ನು ಮರೆಯತಕ್ಕದ್ದಲ್ಲ.

ಆದರೆ ಇಡೀ ಕೋಟೆಯ ತಿರುಳಿರುವುದು ರೋಡೆನ್‌ಡಾರ್ಫ್ ಮನೆಯ ರಾವುತರ ಸಭಾಮಂದಿರದಲ್ಲಿ. ಮೂರು ಶಾಖೆಗಳವರೂ ಒಂದುಗೂಡುತ್ತಿದ್ದ ಸ್ಥಳವಿದು. ಉತ್ಸವಗಳು ನಡೆದುದೂ ಸಮಾಲೋಚನೆಗಳು ನಡೆದುದೂ ಇಲ್ಲಿಯೇ. ಗೋಡೆಗಳಲ್ಲಿ ವಿದೂಷಕರ ಮುಖವಾಡಗಳನ್ನು ಕೆತ್ತಿದ್ದಾರೆ. ರಾಜಸಭೆಯಲ್ಲಿ ಮನಸ್ಸಿಗೆ ಬಂದುದನ್ನು ಆಡಿಯೂ ತಲೆಯುಳಿಸಿಕೊಳ್ಳುವವನು ವಿದೂಷಕನೊಬ್ಬನೇ ತಾನೆ? ಇಲ್ಲಿ ಯಾರು ಏನನ್ನಾದರೂ ನಿರ್ಭಯವಾಗಿ ಆಡಬಹುದು ಎಂಬುದು ಆ ಮುಖವಾಡಗಳ ಸೂಚನೆ. ಹೊರಹೋಗುವ ಬಾಗಿಲಿನ ಮೇಲೆ ಒಂದು ಗುಲಾಬಿ ಹೂವನ್ನು ಕೆತ್ತಿದ್ದಾರೆ. ಗುಲಾಬಿ ಆ ಸಂಪ್ರದಾಯದಲ್ಲಿ ಮೌನದ ಚಿಹ್ನೆ. ಒಳಗೆ ಆಡಿದ ಮಾತು ಹೊಸ್ತಿಲು ದಾಟಕೂಡದು ಎಂಬುದು ಅದರ ಆಜ್ಞೆ. ಗೋಡೆಗೂ ಕಿವಿಯುಂಟೆಂದು ನಮ್ಮವರು ಎಚ್ಚರಿಸುತ್ತಾರೆ. ಈ ಮಂದಿರವನ್ನು ಕಟ್ಟಿದವರು ಗೋಡೆಗೆ ಬಾಯನ್ನೂ ಬಾಗಿಲಿಗೆ ಬೀಗವನ್ನೂ ಇಟ್ಟರೆನ್ನಬೇಕು. ಕೂಡಿ ಬಾಳುವವರಿಗೆ ಈ ಎರಡೂ ಬೇಕು. ಮುಖವಾಡವಿದ್ದು ಗುಲಾಬಿ ಇಲ್ಲದಿದ್ದರೆ ಮನೆಯ ಮಾತು ಬೀದಿಗೆ ಬೀಳುತ್ತದೆ. ಗುಲಾಬಿ ಇದ್ದು ಮುಖವಾಡವಿಲ್ಲದಿದ್ದರೆ ಅಸಮಾಧಾನ ಒಳಗೊಳಗೇ ಕೊಳೆಯುತ್ತದೆ.

ಕೆಳಗೆ ಭಂಡಾರವುಂಟು. ಆಯುಧಗಳು, ಆಭರಣಗಳು, ಆಗ್ಸ್‌ಬುರ್ಗ್ ಮತ್ತು ನ್ಯೂರೆಂಬರ್ಗ್ ನಗರಗಳ ಅಕ್ಕಸಾಲಿಗರ ಕುಸುರಿಯ ಕೆಲಸಗಳು, ಪಿಂಗಾಣಿ, ದಂತ ಮೊದಲಾದ ಐನೂರಕ್ಕೂ ಹೆಚ್ಚು ವಸ್ತುಗಳು ಅಲ್ಲಿವೆ. ಹೊಟ್ಟೆಬಾಕತನವನ್ನು ಕುಡುಕತನ ತಳ್ಳುಗಾಡಿಯಲ್ಲಿಟ್ಟು ನೂಕಿಕೊಂಡು ಹೋಗುವ ಬೆಳ್ಳಿಯ ಪಾನಪಾತ್ರೆಯೊಂದು ನೋಡುವವರನ್ನು ನಗಿಸುತ್ತದೆ.

ಅಳಿವಿನಂಚಿನಿಂದ

೧೬೮೮ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಸೇನೆ ರೈನ್ ಪ್ರಾಂತಕ್ಕೆ ನುಗ್ಗಿತು. ಮರುವರ್ಷ ಕೋಟೆಗಳನ್ನು ಒಂದೊಂದಾಗಿ ಸುಟ್ಟು ಸಿಡಿಸಿ ಕೆಡವಿದರು. ಇಂದು ರೈನ್ ಮತ್ತು ಮೋಸೆಲ್ ನದಿಗಳ ತಟದಲ್ಲಿ ಕಾಣುವ ಹಾಳುಕೋಟೆಗಳಲ್ಲಿ ಹಲವು ಆ ಯುದ್ಧದ ಕುರುಹುಗಳು. ಎಲ್ಟ್ಸಿನ ಬಂಧುವರ್ಗಕ್ಕೆ ಸೇರಿದ ಹಾನ್ಸ್ ಆಂಟನ್ ಎಂಬವನು ಆ ಫ್ರೆಂಚ್ ಸೇನೆಯಲ್ಲಿಯೇ ಹಿರಿಯ ಅಧಿಕಾರಿಯಾಗಿದ್ದನು. ಕೆಡವಬೇಕಾದ ಕೋಟೆಗಳ ಪಟ್ಟಿಯಿಂದ ಎಲ್ಟ್ಸಿನ ಹೆಸರನ್ನು ಅವನು ತೆಗೆಸಿದನು. ಕಲ್ಲಿನ ಗೋಡೆ ಮಾಡಲಾಗದ ರಕ್ಷಣೆಯನ್ನು ಲೇಖನಿಯ ಒಂದು ಗೆರೆ ಮಾಡಿತು.

ಫ್ರಾನ್ಸಿನ ಮಹಾಕ್ರಾಂತಿಯ ಬಳಿಕ ಮತ್ತೆ ಆ ನಾಡು ಫ್ರೆಂಚರ ಕೈಸೇರಿತು. ಕೋಟೆಯ ಒಡೆಯನಾದ ಕೌಂಟ್ ಹ್ಯೂಗೊ ಫಿಲಿಪ್ಪನು ದೇಶಬಿಟ್ಟು ಓಡಿದವನೆಂದು ಭಾವಿಸಿ ಅವನ ಆಸ್ತಿಯನ್ನು ಮುಟ್ಟುಗೋಲು ಹಾಕಿದರು. ಅವನು ಮೈನ್ಸ್ ನಗರದಲ್ಲಿಯೇ ಉಳಿದಿದ್ದನೆಂದು ತಿಳಿದ ಮೇಲೆ ಅದು ಹಿಂದಕ್ಕೆ ಬಂದಿತು. ಅಷ್ಟರಲ್ಲಿ ರೋಡೆನ್‌ಡಾರ್ಫ್ ಶಾಖೆ ೧೭೮೬ರಲ್ಲಿ ನಿಸ್ಸಂತಾನವಾಗಿ ಅದರ ಪಾಲು ಕೆಂಪೆನಿಖ್ ಶಾಖೆಗೆ ಸೇರಿತ್ತು. ೧೮೧೫ರಲ್ಲಿ ಹ್ಯೂಗೊ ಫಿಲಿಪ್ಪನು ರ್ಯೂಬೆನಾಖ್ ಮನೆಯನ್ನೂ ಕೊಂಡನು. ಹೀಗೆ ಐದು ಶತಮಾನಗಳಿಗೂ ಮೀರಿ ಪಾಲಾಗಿದ್ದ ಕೋಟೆ ಮತ್ತೆ ಒಬ್ಬನದಾಯಿತು.

ಒಬ್ಬನ ಕೈಗೆ ಬಂದ ಮೇಲೆ ಇನ್ನೊಂದು ಅಪಾಯವಿತ್ತು. ಅದು ರಸಿಕತೆಯ ಅಪಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಕೋಟೆಗಳನ್ನು ಕನಸಿನ ಕೋಟೆಗಳಾಗಿ ಮಾರ್ಪಡಿಸುವ ಹುಚ್ಚು ಹಬ್ಬಿತ್ತು. ಕೋಬ್ಲೆನ್ಸ್ ಬಳಿಯ ಸ್ಟೋಲ್ಟ್‌ಸೆನ್‌ಫೆಲ್ಸ್ ಎಂಬ ಹಾಳುಕೋಟೆಯನ್ನು ಪ್ರಷ್ಯದ ರಾಜಮನೆತನದವರು ೧೮೩೬ರಿಂದ ೧೮೪೨ರವರೆಗೆ ಹೊಸ ಅರಮನೆಯಾಗಿ ಕಟ್ಟಿಸಿದರು. ಎಲ್ಟ್ಸಿನ ಕೌಂಟ್ ಕಾರ್ಲ್ ಈ ದಾರಿ ಹಿಡಿಯಲಿಲ್ಲ. ೧೮೪೫ರಿಂದ ೧೮೮೮ರವರೆಗೆ ನಲವತ್ತಮೂರು ವರ್ಷ, ೧,೮೪,೦೦೦ ಮಾರ್ಕುಗಳಷ್ಟು ವ್ಯಯಮಾಡಿ, ಇದ್ದುದನ್ನು ಇದ್ದಂತೆ ಭದ್ರಪಡಿಸಿದನು. ಹಿರಿಯರ ಮನೆಗೆ ತನ್ನ ಹೆಸರಿನ ಶಿಖರವನ್ನು ಏರಿಸುವ ಚಪಲವನ್ನು ಅಡಗಿಸಿಕೊಂಡವರು ವಿರಳ. ಇಂದು ನೋಡಬಂದವನಿಗೆ ನಿಜವಾದ ಮಧ್ಯಯುಗದ ಮನೆ ಕಾಣಸಿಕ್ಕುವುದು ಆ ಸಂಯಮದ ಫಲ.

೧೯೨೦ರಲ್ಲಿ ಬೆಂಕಿ ಬಿದ್ದು ಕೆಂಪೆನಿಖ್ ಮನೆಗಳ ಬಹುಭಾಗ ಸುಟ್ಟುಹೋಯಿತು. ಹತ್ತು ವರ್ಷಗಳ ಶ್ರಮದಿಂದ ೧೯೩೦ರ ಹೊತ್ತಿಗೆ ಅದನ್ನು ಮತ್ತೆ ನಿಲ್ಲಿಸಿದರು. ೨೦೦೯ರಿಂದ ೨೦೧೨ರವರೆಗೆ ಸರಕಾರದ ನೆರವೂ ದೊರೆತು ಮತ್ತೊಮ್ಮೆ ದೊಡ್ಡ ದುರಸ್ತಿ ನಡೆಯಿತು.

ಉಳಿಯದ ಇನ್ನೊಂದು ಮನೆ

ಈ ಮನೆತನಕ್ಕೆ ಎಲ್ಲವೂ ಉಳಿಯಿತೆಂದು ಭಾವಿಸಬಾರದು. ಮೇಲೆ ಹೇಳಿದ ಫಿಲಿಪ್ ಕಾರ್ಲ್ ೧೭೩೬ರಲ್ಲಿ ಡ್ಯಾನ್ಯೂಬ್ ನದಿಯ ತೀರದ ವುಕೊವಾರ್ ಎಂಬಲ್ಲಿ ವಿಸ್ತಾರವಾದ ಜಹಗೀರನ್ನು ಕೊಂಡನು. ಅಲ್ಲಿ ಭವ್ಯವಾದ ಅರಮನೆ ಎದ್ದಿತು. ಎರಡು ಶತಮಾನಗಳ ಕಾಲ ಅಲ್ಲಿ ನೆಲಸಿದ ಮನೆತನದವರು ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ, ೧೯೪೪ರಲ್ಲಿ, ಅದನ್ನು ತೊರೆಯಬೇಕಾಯಿತು. ೧೯೯೧ರಲ್ಲಿ ಯುಗೋಸ್ಲಾವಿಯ ಒಡೆದಾಗ ನಡೆದ ಘೋರ ಕದನದಲ್ಲಿ ಆ ಅರಮನೆ ಗುಂಡಿನೇಟಿಗೆ ಜರ್ಜರಿತವಾಯಿತು. ಕ್ರೊಯೇಷಿಯ ದೇಶದವರು ೨೦೧೧ರ ವೇಳೆಗೆ ಅದನ್ನು ಪುನಃ ಕಟ್ಟಿಸಿದ್ದಾರೆ. ಈಗ ಅದು ಆ ಊರಿನ ವಸ್ತುಸಂಗ್ರಹಾಲಯ. ಒಂದೇ ವಂಶದ ಎರಡು ಮನೆಗಳು: ಒಂದು ಉಳಿಯಿತು, ಇನ್ನೊಂದು ಕೈಬಿಟ್ಟಿತು. ಯತ್ನವೆಷ್ಟಿದ್ದರೂ ದೈವದ ಪಾಲೂ ಉಂಟೆಂಬುದಕ್ಕೆ ಇದು ನಿದರ್ಶನ.

ಹಾಗಿದ್ದರೂ ಎಲ್ಟ್ಸ್ ಕೋಟೆ ಕೇವಲ ದೈವಬಲದಿಂದ ಉಳಿಯಿತೆನ್ನಲಾಗದು. ಪಾಲು ಮಾಡಿಕೊಂಡ ಸೋದರರು ಹೆಬ್ಬಾಗಿಲನ್ನು ಪಾಲು ಮಾಡಲಿಲ್ಲ. ಸೋತವರು ಸಂಧಿಗೆ ನಾಚಲಿಲ್ಲ. ಸಭಾಮಂದಿರವನ್ನು ಕಟ್ಟಿಸಿದವರು ಮಾತಿಗೂ ಮೌನಕ್ಕೂ ಸ್ಥಳ ಕೊಟ್ಟರು. ಹಣವಿದ್ದವನು ಹೊಸದನ್ನು ಕಟ್ಟುವುದಕ್ಕಿಂತ ಹಳೆಯ ಮಾಡನ್ನು ಹೊದಿಸಿದನು. ಈಗಿನವರು ಪೂರ್ವಜರ ಹಾಸಿಗೆ, ಒಲೆ, ಆಯುಧಗಳನ್ನು ಅಪರಿಚಿತರಿಗೆ ತೋರಿಸಿ, ಅದರಿಂದ ಬಂದ ಹಣವನ್ನು ಗೋಡೆಗಳ ರಕ್ಷಣೆಗೆ ಬಳಸುತ್ತಾರೆ. ಮನೆಯ ಒಡೆತನ ಇವರಿಗೆ ಬರಬರುತ್ತ ಕಾವಲಿನ ಹೊಣೆಯಾಗಿ ಪರಿಣಮಿಸಿದೆ. ಮುಂದಿನವರಿಗೆ ಒಪ್ಪಿಸುವ ತನಕ ಕಾಯತಕ್ಕ ನಿಕ್ಷೇಪವೆಂದು ಬಗೆದವರ ಕೈಯಲ್ಲಿ ಮಾತ್ರ ಇಂಥ ಸ್ವತ್ತು ನಿಲ್ಲುತ್ತದೆ. ಮನೆಗೂ ಮಂದಿರಕ್ಕೂ ವಿದ್ಯಾಸಂಸ್ಥೆಗೂ ಈ ಮಾತು ಸಮಾನವಾಗಿ ಸಲ್ಲುತ್ತದೆ.